ಡಿಸ್ಮಲ್ ಸಾಹೇಬರು

ಇಂಗ್ಲಿಷಿನ ‘ಡಿಸ್ಮಲ್’ ಹುಟ್ಟಿದ್ದು ಪಂಚಾಂಗದಲ್ಲಿ. ಲ್ಯಾಟಿನ್ನಿನ ‘ಕೆಟ್ಟ ದಿನಗಳು’ ಎಂಬ ಮಾತು ಫ್ರೆಂಚರ ಬಾಯಲ್ಲಿ ಸವೆದು ‘ಡಿಸ್ ಮಲ್’ ಆಯಿತು. ಮಧ್ಯಯುಗದ ಯುರೋಪಿನಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಅಶುಭ ದಿನಗಳನ್ನು ಗುರುತು ಹಾಕಿಡುತ್ತಿದ್ದರು. ನಮ್ಮ ರಾಹುಕಾಲದ ಹಾಗೆ, ಆಗ ಹೊಸ ಕೆಲಸಕ್ಕೆ ಕೈಹಾಕುವಂತಿಲ್ಲ. ಮೂಲಾರ್ಥ ಮರೆತ ಮೇಲೆ ಇಂಗ್ಲಿಷರು ‘ಡಿಸ್ಮಲ್ ದಿನ’ ಎನ್ನತೊಡಗಿದರು. ದಿನ ಎರಡು ಸಲ ಬಂತಲ್ಲ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮುಂದೆ ಪದ ಪಂಚಾಂಗ ಬಿಟ್ಟು ಹೊರಬಿತ್ತು. ಜಡಿಮಳೆ, ಜೌಗು, ಜೋಲುಮೋರೆ ಎಲ್ಲವೂ ಡಿಸ್ಮಲ್. 1849ರಲ್ಲಿ ಲೇಖಕ ಕಾರ್ಲೈಲ್ ಅದನ್ನು ಅರ್ಥಶಾಸ್ತ್ರಕ್ಕೂ ಅಂಟಿಸಿದ.

ಅದಕ್ಕೂ ಮೊದಲೇ ಒಬ್ಬ ಮನುಷ್ಯನಿಗೆ ಅದು ಅಂಟಿತ್ತು. ನಾಟಿಂಗ್‌ಹ್ಯಾಮಿನ ಅರ್ಲ್ ಡೇನಿಯಲ್ ಫಿಂಚ್ ಹಳೆಯ ಟೋರಿ, ಆಂಗ್ಲಿಕನ್ ಚರ್ಚಿನ ಕಟ್ಟಾಳು. ಕಪ್ಪು ಮೈಬಣ್ಣ, ನಗು ಕಾಣದ ಮುಖ, ಮುಗಿಯದ ಭಾಷಣ. ರಾಣಿ ಆ್ಯನ್‌ಳ ಕಾಲದ ಲಂಡನ್ನಿನಲ್ಲಿ ‘ಡಿಸ್ಮಲ್’ ಎಂದರೆ ಸಾಕು, ಯಾರೆಂದು ಗೊತ್ತಾಗುತ್ತಿತ್ತು.

1711ರ ಡಿಸೆಂಬರಿನಲ್ಲಿ ಈ ಟೋರಿ ತನ್ನದೇ ಪಕ್ಷದ ಸರ್ಕಾರದ ವಿರುದ್ಧ ತಿರುಗಿಬಿದ್ದ. ರಾಬರ್ಟ್ ಹಾರ್ಲಿಯ ಮಂತ್ರಿಮಂಡಲ ಫ್ರಾನ್ಸಿನೊಡನೆ ಸಂಧಿಗೆ ಹೊರಟಿತ್ತು. ಸ್ಪೇನ್ ಫ್ರಾನ್ಸಿನ ರಾಜವಂಶವಾದ ಬೂರ್ಬನ್ನರ ಕೈಯಲ್ಲೇ ಉಳಿಯುವುದಾದರೆ ಸಂಧಿ ಬೇಡ ಎಂದು ಪ್ರಭುಗಳ ಸಭೆಯಲ್ಲಿ ಫಿಂಚ್ ಪಟ್ಟುಹಿಡಿದ; ಟೋರಿಗಳ ಎದುರಾಳಿ ಪಕ್ಷದ ವಿಗ್ಗರು ಬೆನ್ನಿಗೆ ನಿಂತು ಗೆಲ್ಲಿಸಿದರು. ಬಹುಮತ ಕಳೆದುಕೊಂಡ ಸರ್ಕಾರ ರಾಣಿಯಿಂದ 12 ಹೊಸ ಪ್ರಭುಗಳನ್ನು ಮಾಡಿಸಿಕೊಂಡು ಚೇತರಿಸಿಕೊಂಡಿತು. ಗಲಿವರನ ಕರ್ತೃ ಸ್ವಿಫ್ಟ್ ಆಗ ಹಾರ್ಲಿಯ ಕಡೆಯ ಲೇಖಣಿ. ‘ಡಿಸ್ಮಲ್’ ಮಾಡಬೇಕಿದ್ದ ಭಾಷಣ ಎಂದು ಲಾವಣಿಯೊಂದನ್ನೇ ಕಟ್ಟಿ ಹರಿಯಬಿಟ್ಟ.

ಫಿಂಚ್ ಪಕ್ಷಾಂತರಿ ಎಂದರೆ ನಾನು ಒಪ್ಪುವುದಿಲ್ಲ. ಅವನಿಗೆ ಚರ್ಚಿಗಿಂತ ದೊಡ್ಡ ಪಕ್ಷವಿರಲಿಲ್ಲ. ಕೊಟ್ಟ ಬೆಂಬಲಕ್ಕೆ ವಿಗ್ಗರಿಂದ ಕೇಳಿದ್ದೂ ಚರ್ಚಿಗೆ ಬೇಕಾದ ಕಾಯಿದೆಯನ್ನೇ. ಆಂಗ್ಲಿಕನ್ನರಲ್ಲದ ಪ್ರೊಟೆಸ್ಟೆಂಟರು ಹುದ್ದೆಗಾಗಿ ಒಮ್ಮೆ ಚರ್ಚಿನ ಪ್ರಸಾದ ಸ್ವೀಕರಿಸಿ ಮತ್ತೆ ತಮ್ಮ ಪ್ರಾರ್ಥನಾಮಂದಿರಕ್ಕೆ ಮರಳುತ್ತಿದ್ದರು. ಇನ್ನು ಹಾಗೆ ಸಿಕ್ಕಿಬಿದ್ದರೆ 40 ಪೌಂಡ್ ದಂಡ, ಹುದ್ದೆಯೂ ಹೋಯಿತು. ಆ ಜನ ವಿಗ್ಗರ ನಂಬಿಕಸ್ಥ ಮತದಾರರು. ಅವರನ್ನೇ ವಿಗ್ಗರು ಒತ್ತೆಯಿಟ್ಟರು. 1689ರಲ್ಲಿ ಅದೇ ಜನಕ್ಕೆ ಪೂಜಾಸ್ವಾತಂತ್ರ್ಯ ಕೊಟ್ಟ ಮಸೂದೆಯನ್ನು ಮಂಡಿಸಿದವನು ಇದೇ ಫಿಂಚ್! ಪ್ರಶ್ನಿಸಬೇಕಾದದ್ದು ಈ ವ್ಯಾಪಾರವನ್ನು. ಸ್ವಿಫ್ಟ್ ಅದನ್ನೂ ಚುಚ್ಚಿದನಾದರೂ ಜನರ ನಾಲಿಗೆಯಲ್ಲಿ ಉಳಿದದ್ದು ಮುಖದ ಮೇಲಿನ ಗೇಲಿ.

ಜಾರ್ಜ್ ದೊರೆ ಪಟ್ಟಕ್ಕೆ ಬಂದಾಗ ಫಿಂಚನಿಗೆ ಮಂತ್ರಿಪದವಿ ಸಿಕ್ಕಿತು. 1716ರಲ್ಲಿ, ಆ ದೊರೆಯ ವಿರುದ್ಧ ಬಂಡೆದ್ದು ಸೆರೆಸಿಕ್ಕ ಪ್ರಭುಗಳಿಗೆ ಪ್ರಾಣಭಿಕ್ಷೆ ಕೊಡಿ ಎಂದದ್ದಕ್ಕೆ ಅದೂ ಹೋಯಿತು. ಅವನು ಪಡೆದ ಆ ಕಾಯಿದೆಯನ್ನು 1719ರಲ್ಲಿ ವಿಗ್ಗರೇ ರದ್ದು ಮಾಡಿದರು.