ಒಂದು ಕೊರಳು, ಎರಡು ಹೆಸರು

ರಾಕ್ ಸಂಗೀತದ ಲೋಕದಲ್ಲಿ ಹೆಸರಾದ ಕಲಾವಿದನೊಬ್ಬನು ತನ್ನ ಮುಖ್ಯ ತಂಡವನ್ನು ತೊರೆಯದೆಯೇ, ಬೇರೆ ಸಂಗಡಿಗರನ್ನು ಕೂಡಿಸಿಕೊಂಡು, ಬೇರೆ ಹೆಸರಿಟ್ಟು, ಬೇರೆ ಬಗೆಯ ಹಾಡುಗಳನ್ನು ಕಟ್ಟುವ ರೂಢಿಯೊಂದಿದ್ದು, ಇಂಥ ಎರಡನೆಯ ತಂಡವನ್ನು ಆ ವಲಯದವರು ‘ಸೈಡ್ ಬ್ಯಾಂಡ್’ ಅಥವಾ ‘ಸೈಡ್ ಪ್ರಾಜೆಕ್ಟ್’ ಎಂದು ಕರೆಯುತ್ತಾರೆ. ಪಕ್ಕವಾದ್ಯ ಎಂಬ ಮಾತನ್ನು ಬಲ್ಲ ಕನ್ನಡದಲ್ಲಿ ಇದನ್ನು ಪಕ್ಕತಂಡ ಎನ್ನಬಹುದು. ಆದರೆ ಪಕ್ಕವಾದ್ಯವು ಹಾಡುಗಾರನ ಜಾಡನ್ನೇ ಹಿಡಿದು ನಡೆಯುವಂಥದಾದರೆ, ಪಕ್ಕತಂಡವು ಮುಖ್ಯ ತಂಡದ ಜಾಡು ತಪ್ಪಿಸುವುದಕ್ಕೆಂದೇ ಹುಟ್ಟುವಂಥದು. ಮುಖ್ಯ ತಂಡದ ಸಂಗೀತ ಎಷ್ಟು ದೀರ್ಘವೂ ಜಟಿಲವೂ ಆಗಿರುತ್ತದೆಯೋ, ಪಕ್ಕತಂಡದ್ದು ಸಾಮಾನ್ಯವಾಗಿ ಅಷ್ಟೇ ಹ್ರಸ್ವವೂ ಸರಳವೂ ಆಗಿ ‘ಪಾಪ್’ ಎನಿಸಿಕೊಳ್ಳುವ ಕಡೆಗೆ, ಎಂದರೆ ಮೂರು-ನಾಲ್ಕು ನಿಮಿಷದೊಳಗೆ ಮುಗಿಯುವ, ಒಮ್ಮೆ ಕೇಳಿದರೆ ಬಾಯಿಗೆ ಬರುವ ಪಲ್ಲವಿಯುಳ್ಳ ಹಾಡಿನ ಕಡೆಗೆ, ವಾಲಿರುತ್ತದೆ.

ಈ ರೂಢಿಗೆ ಮತ್ತೆ ಮತ್ತೆ ಕೊಡಲಾಗುವ ನಿದರ್ಶನ ಇಂಗ್ಲೆಂಡಿನ ಸ್ಟೀವನ್ ವಿಲ್ಸನ್ ಅವರದು. ಅವರ ಮುಖ್ಯ ತಂಡ ಪಾರ್ಕ್ಯುಪೈನ್ ಟ್ರೀ ‘ಪ್ರೋಗ್ರೆಸಿವ್ ರಾಕ್’ ಪಂಥದ್ದು. ತಾಳದ ಎಣಿಕೆ ನಡುವೆಯೇ ಬದಲಾಗುವ, ಒಂದು ಹಾಡು ಹಲವು ಖಂಡಗಳಾಗಿ ಬೆಳೆಯುವ ಈ ಪಂಥದಲ್ಲಿ ಆ ತಂಡ 2007ರಲ್ಲಿ ಹೊರತಂದ ಒಂದು ಹಾಡು 17 ನಿಮಿಷಗಳನ್ನೂ ದಾಟುತ್ತದೆ. ಅದೇ 2007ರಲ್ಲಿ ವಿಲ್ಸನ್ ಅವರ ಪಕ್ಕತಂಡವಾದ ಬ್ಲ್ಯಾಕ್‌ಫೀಲ್ಡ್‌ನ ಎರಡನೆಯ ಆಲ್ಬಂ ಕೂಡ ಬಂದಿತು. ಇಸ್ರೇಲಿನ ಜನಪ್ರಿಯ ಗಾಯಕ ಅವಿವ್ ಗೆಫೆನ್ ಅವರೊಡನೆ ಕಟ್ಟಿದ ಈ ತಂಡದ ಮೊದಲ ಆಲ್ಬಂ 2004ರದು. ಅದರ ಹತ್ತು ಹಾಡುಗಳು ಒಟ್ಟುಗೂಡಿದರೂ ಮುಕ್ಕಾಲು ಗಂಟೆಯಾಗುವುದಿಲ್ಲ. ಅಲ್ಲಿ ತಾಳ ನೇರ, ಸ್ವರಸಂಗತಿ ಸರಳ, ಗಿಟಾರಿನ ಆರ್ಭಟದ ಜಾಗದಲ್ಲಿ ಪಿಟೀಲುಗಳ ಹಿನ್ನೆಲೆ ಮತ್ತು ಎರಡು ಕಂಠಗಳ ಜೋಡಿ. ವಿಷಾದ ಮಾತ್ರ ಎರಡು ತಂಡಗಳಿಗೂ ಸಮಾನ.

ಇದೇ ವಿಲ್ಸನ್ 2016ರ ಡಿಸೆಂಬರಿನಲ್ಲಿ ಪುಣೆಯ ಎನ್‌ಎಚ್7 ವೀಕೆಂಡರ್ ಸಂಗೀತೋತ್ಸವದಲ್ಲಿ ನುಡಿಸಿದರು. ಗಂಭೀರ ಸಂಗೀತಗಾರನೊಬ್ಬನು ಲಘುವಾದ ಇನ್ನೊಂದು ಸಂಗೀತವನ್ನು ಏಕೆ, ಯಾವ ಹೆಸರಿನಲ್ಲಿ, ಯಾವ ವೇದಿಕೆಯಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಆ ಊರು ರಾಕ್ ಎಂಬ ಪದ ಹುಟ್ಟುವುದಕ್ಕೂ ಎಷ್ಟೋ ಮೊದಲು ಎದುರಿಸಿತ್ತು. ಅದಕ್ಕೆ ಅಲ್ಲಿ ದೊರೆತ ಉತ್ತರಗಳಲ್ಲಿ ಹಲವು ಕನ್ನಡ ಸೀಮೆಯಿಂದ ಹೋದವರವು.

ಮರಾಠಿ ಸಂಗೀತ ನಾಟಕದ ಆರಂಭವೇ ಇದಕ್ಕೆ ಸಾಕ್ಷಿ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಬಲವಂತ ಪಾಂಡುರಂಗ ಕಿರ್ಲೋಸ್ಕರ್, ಎಂದರೆ ಅಣ್ಣಾಸಾಹೇಬ ಕಿರ್ಲೋಸ್ಕರ್, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರು ತೆರೆದ ದಾರಿಯಲ್ಲಿ ನಾಟ್ಯಸಂಗೀತವೆಂಬ ಪ್ರಕಾರ ಬೆಳೆಯಿತು: ಹಿಂದೂಸ್ತಾನಿ ಶಾಸ್ತ್ರೀಯ ಗಾಯನವಾದ ಖಯಾಲಿನ ರಾಗವನ್ನೇ, ಒಮ್ಮೊಮ್ಮೆ ಖಯಾಲಿನ ಬಂದಿಶ್‌ನ, ಎಂದರೆ ಕಟ್ಟಿದ ಕೃತಿಯ, ಧಾಟಿಯನ್ನೇ ತೆಗೆದುಕೊಂಡು, ಅದನ್ನು ಪಾತ್ರದ ಮಾತಿಗೆ ಹೊಂದಿಸಿ, ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗುವ ಅಳತೆಗೆ ಇಳಿಸಿದ ಪದಗಳು ಇವು. ಪಾಪ್ ಎಂಬ ಮಾತನ್ನು ಆ ಕಾಲಕ್ಕೆ ಹಿಂದೆ ಒಯ್ಯುವುದು ಸರಿಯಲ್ಲದಿದ್ದರೂ, ಕೆಲಸದ ಬಗೆ ಅದೇ. ಪುಣೆಯಲ್ಲಿ 1911ರಲ್ಲಿ ಭಾರತ ಗಾಯನ ಸಮಾಜವನ್ನು ಸ್ಥಾಪಿಸಿದ ಭಾಸ್ಕರಬುವಾ ಬಖಲೆಯವರಂಥ ಘನ ಖಯಾಲು ಗಾಯಕರೇ 1916ರ ‘ಸ್ವಯಂವರ’ ನಾಟಕದ ಪದಗಳಿಗೆ ಧಾಟಿ ಹೊಂದಿಸಿದ್ದರು. ಅದಕ್ಕಾಗಿ ಅವರು ಹೊಸ ಹೆಸರು ಹುಡುಕಲಿಲ್ಲ.

ಹೆಸರಿನ ವಿಷಯದಲ್ಲಿ ಎಲ್ಲರಿಗಿಂತ ವಿಚಿತ್ರವಾದದ್ದು ಕುಂದಗೋಳದ ರಾಮಚಂದ್ರ ಕುಂದಗೋಳಕರರ ಕಥೆ. 1886ರಲ್ಲಿ ಹುಟ್ಟಿ, ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತ ಅವರು ನಾಟಕ ಮಂಡಳಿಗಳನ್ನು ಸೇರಿ ಸ್ತ್ರೀಪಾತ್ರಗಳಲ್ಲಿ ಹಾಡಿ ಪ್ರಸಿದ್ಧರಾದರು. ಶಿಷ್ಯ ರಂಗಭೂಮಿಗೆ ಹೋದದ್ದು ಗುರುವಿಗೆ ಹಿಡಿಸಲಿಲ್ಲವೆಂಬ ಮಾತು ಆ ಪರಂಪರೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಆ ದಿನಗಳಲ್ಲಿ ಮರಾಠಿ ರಂಗದ ಮೇಲೆ ಮೆರೆಯುತ್ತಿದ್ದವರು ಗಾಯಕ-ನಟ ಬಾಲಗಂಧರ್ವರು. ಅವರಿಗಿಂತ ಒಂದು ಕೈ ಮೇಲು ಎಂಬರ್ಥದಲ್ಲಿ ಕುಂದಗೋಳಕರರಿಗೆ ‘ಸವಾಯಿ ಗಂಧರ್ವ’, ಎಂದರೆ ಒಂದೂಕಾಲು ಗಂಧರ್ವ, ಎಂಬ ಬಿರುದು ಬಂದಿತು. ರಂಗಭೂಮಿ ಕೊಟ್ಟ ಈ ಎರಡನೆಯ ಹೆಸರು ಅವರ ಮೊದಲನೆಯ ಹೆಸರನ್ನೇ ನುಂಗಿತು. 1952ರಲ್ಲಿ ಅವರು ಪುಣೆಯಲ್ಲಿ ತೀರಿಕೊಂಡ ಮರುವರ್ಷ, ಶಿಷ್ಯ ಭೀಮಸೇನ ಜೋಶಿಯವರ ಮುಂದಾಳ್ತನದಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳವು ಆರಂಭಿಸಿದ ಉತ್ಸವ ದೇಶದ ಅತ್ಯಂತ ಗಂಭೀರ ಶಾಸ್ತ್ರೀಯ ವೇದಿಕೆಗಳಲ್ಲೊಂದಾಗಿ ಬೆಳೆಯಿತು. ಅದು ಹೊತ್ತಿರುವುದು ಮಾತ್ರ ನಾಟಕದ ಬಿರುದನ್ನು. ಪಕ್ಕತಂಡದ ಹೆಸರು ಮುಖ್ಯ ತಂಡದ ಹೆಸರಾಗಿಬಿಡುವ ಇಂಥ ಉದಾಹರಣೆ ರಾಕ್ ಚರಿತ್ರೆಯಲ್ಲಿ ಹುಡುಕಿದರೂ ಸುಲಭವಾಗಿ ಸಿಗದು.

ಸವಾಯಿ ಗಂಧರ್ವರ ಮತ್ತೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಹೆಸರನ್ನು ಬದಲಾಯಿಸಿದ್ದು ಗ್ರಾಮಫೋನ್. 1930ರ ದಶಕದ ಅವರ ಮೊದಲ ತಟ್ಟೆಗಳು ‘ಹುಬ್ಬಳ್ಳಿಯ ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು, ಜಿ. ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಭಾವಗೀತೆಗಳೂ ಆ ಕಾಲದವೇ. ನಿಮಿಷಕ್ಕೆ 78 ಸುತ್ತು ಸುತ್ತುವ ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷಗಳ ಆಸುಪಾಸಿನ ಹಾಡು ಮಾತ್ರ, ಆದ್ದರಿಂದ ಖಯಾಲು ಹಾಡುವವರೂ ರಾಗವನ್ನು ಕುಗ್ಗಿಸುವ, ಲಘು ಪ್ರಕಾರವನ್ನು ಆಯ್ದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಮುಂದೆ ಗಂಗೂಬಾಯಿಯವರು ಲಘು ಸಂಗೀತವನ್ನು ಬಿಟ್ಟುಕೊಟ್ಟು ಖಯಾಲಿಗೇ ನಿಂತರು, ಗಾಂಧಾರಿ ಎಂಬ ಹೆಸರೂ ತಟ್ಟೆಗಳ ಜೊತೆಯಲ್ಲೇ ಉಳಿಯಿತು. ಪಾಪ್ ಹಾಡಿನ ಮೂರು ನಿಮಿಷವೂ ಇದೇ ತಟ್ಟೆಯ ಕೂಸು ಎಂಬುದನ್ನು ನೆನೆದರೆ, ಹುಬ್ಬಳ್ಳಿ, ಪುಣೆ, ಲಂಡನ್ನುಗಳ ನಡುವಿನ ಅಂತರ ಕಡಿಮೆಯೇ.

1933ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಕೊಲ್ಹಾಪುರದಿಂದ ಪುಣೆಗೆ ಬಂದ ಮೇಲೆ ಲಘು ಸಂಗೀತಕ್ಕೆ ಇನ್ನೊಂದು ಮನೆ ಸಿಕ್ಕಿತು. ಬಖಲೆಯವರ ಶಿಷ್ಯ ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರ್ ಅಲ್ಲಿ 1935ರ ‘ಧರ್ಮಾತ್ಮ’, 1939ರ ‘ಮಾಣೂಸ್’ ಮೊದಲಾದ ಚಿತ್ರಗಳಿಗೆ ಸಂಗೀತ ನೀಡುತ್ತಲೇ ಮೆಹಫಿಲ್‌ಗಳಲ್ಲಿ ಖಯಾಲು ಹಾಡುತ್ತಿದ್ದರು.

ಆದರೆ ಪಕ್ಕತಂಡ ಎಂಬ ಕಲ್ಪನೆಗೆ ನಿಜವಾಗಿ ಹತ್ತಿರ ಬರುವುದು ಭೀಮಸೇನ ಜೋಶಿಯವರ ‘ಸಂತವಾಣಿ’. 1922ರಲ್ಲಿ ಧಾರವಾಡ ಸೀಮೆಯ ರೋಣದಲ್ಲಿ ಹುಟ್ಟಿ, 1946ರಲ್ಲಿ ಗುರುವಿನ ಷಷ್ಟ್ಯಬ್ದಿಯ ಸಂದರ್ಭದ ಕಛೇರಿಯಿಂದ ಪುಣೆಯವರ ಗಮನ ಸೆಳೆದು, ಆ ಊರನ್ನೇ ನೆಲೆ ಮಾಡಿಕೊಂಡ ಅವರ ಖಯಾಲು ಕಛೇರಿಯ ವಿನ್ಯಾಸ ಎಲ್ಲರಿಗೂ ತಿಳಿದದ್ದೇ: ಹನ್ನೆರಡು ಮಾತ್ರೆಗಳ ಏಕತಾಳವನ್ನು ಅತಿ ವಿಲಂಬದಲ್ಲಿ ಹಿಡಿದು ಒಂದೇ ರಾಗವನ್ನು ಬಹುಹೊತ್ತು ಬೆಳೆಸುವುದು, ಆಮೇಲೆ ದ್ರುತ್, ಎಂದರೆ ವೇಗದ ಗತಿ, ಕೊನೆಗೊಂದು ಅಭಂಗ ಅಥವಾ ನಾಟ್ಯಪದ ಇಲ್ಲವೇ ದಾಸರ ಪದ. ಲಘು ಎನ್ನುವುದು ಅಲ್ಲಿ ಅದೇ ಚಾಪೆಯ ಮೇಲೆ, ಅದೇ ಸಂಗಡಿಗರೊಡನೆ, ಊಟದ ಕೊನೆಯ ಮಜ್ಜಿಗೆಯಂತೆ ಬರುತ್ತಿತ್ತು. ಅಭಂಗ ಎಂದರೆ ಜ್ಞಾನದೇವ, ನಾಮದೇವ, ತುಕಾರಾಮ ಮೊದಲಾದ ವಾರಕರಿ ಸಂತರ ಭಕ್ತಿಪದ್ಯ. ಪಂಢರಪುರದ ವಿಠಲನ ದಾರಿಯಲ್ಲಿ ಸಾವಿರಾರು ಜನ ನಡೆಯುತ್ತ ಹಾಡುವ ಹಾಡು. 1970ರ ದಶಕದಲ್ಲಿ ಈ ಕೊನೆಯ ಹಾಡುಗಳನ್ನೇ ಕಛೇರಿಯಿಂದ ಬೇರ್ಪಡಿಸಿ ಪೂರ್ಣ ಕಾರ್ಯಕ್ರಮವಾಗಿಸಿದಾಗ ಅದಕ್ಕೆ ‘ಸಂತವಾಣಿ’ ಎಂಬ ಸ್ವಂತ ಹೆಸರು ಬಂದಿತು, ಕನ್ನಡದ ಹರಿದಾಸರ ಪದಗಳದು ‘ದಾಸವಾಣಿ’ಯಾಯಿತು.

ಹೆಸರಿನ ಜೊತೆಗೆ ಮೇಳವೂ ಬದಲಾಯಿತು. ತಬಲಾ, ಹಾರ್ಮೋನಿಯಂ, ತಂಬೂರಗಳ ಪಕ್ಕದಲ್ಲಿ ಪಖವಾಜ್ ಬಂದು ಕೂತಿತು, ಮಾವುಲಿ ಟಾಕಳಕರ ಅವರ ಕಂಚಿನ ತಾಳ ಬಂದಿತು, ಧ್ರುವಪದವನ್ನು ಎತ್ತಿಕೊಳ್ಳುವ ಸಹಗಾಯಕರು ಬಂದರು. ಎಂಟು ಮಾತ್ರೆಗಳ ಭಜನಿ ಠೇಕಾ ಏಕತಾಳದ ಜಾಗವನ್ನು ಹಿಡಿಯಿತು. ರಾಮ ಫಾಟಕ್, ಶ್ರೀನಿವಾಸ ಖಳೆ ಅವರಂಥ ಸಂಯೋಜಕರು ಮೊದಲೇ ಕಟ್ಟಿಕೊಟ್ಟ ಧಾಟಿ ಇಲ್ಲಿ ಹಾಡಿಗೆ ಚೌಕಟ್ಟಾಯಿತು, ಎಂದರೆ ರಾಗದ ದಾರಿಯನ್ನು ಅಲ್ಲಲ್ಲೇ ಹುಡುಕುತ್ತ ಹೋಗುವ ಖಯಾಲುಗಾರ ಇನ್ನೊಬ್ಬರು ಹಾಕಿದ ಗೆರೆಯೊಳಗೆ ಹಾಡಲು ಒಪ್ಪಿಕೊಂಡಂತಾಯಿತು. ಬ್ಲ್ಯಾಕ್‌ಫೀಲ್ಡ್‌ನಲ್ಲಿ ವಿಲ್ಸನ್ ಗೆಫೆನ್ನರ ಹಾಡುಗಳಿಗೆ ತಮ್ಮ ಕಂಠವನ್ನು ಒಪ್ಪಿಸಿದ್ದಕ್ಕೂ ಇದಕ್ಕೂ ಇರುವ ಹೋಲಿಕೆ ಹೊರಮೈಯದಲ್ಲ: ಎರಡು ಕಡೆಯೂ ಕಲಾವಿದನಿಗೆ ಬೇಕಾಗಿದ್ದದ್ದು ತನ್ನ ಮುಖ್ಯ ವಿದ್ಯೆ ಕೊಡಲಾರದ ಒಂದು ಬಗೆಯ ಕಟ್ಟುಪಾಡು. ವ್ಯತ್ಯಾಸವೂ ದೊಡ್ಡದೇ. ಸಂತವಾಣಿ ಎಂಬುದು ಕಾರ್ಯಕ್ರಮದ ಹೆಸರೇ ಹೊರತು ಹಾಡುಗಾರನದಲ್ಲ. ಭಿತ್ತಿಪತ್ರದಲ್ಲಿ ಅದರೊಡನೆ ಭೀಮಸೇನ ಜೋಶಿ ಎಂಬ ಹೆಸರು ಇರಲೇಬೇಕಿತ್ತು, ಜನ ಬರುತ್ತಿದ್ದದ್ದೂ ಅದಕ್ಕೇ. ಖಯಾಲು ಅರ್ಥವಾಗದ ಮನೆಗಳಿಗೂ ಅವರ ಕಂಠವನ್ನು ತಲುಪಿಸಿದ್ದು ಈ ಹಾಡುಗಳು. ಶಾಸ್ತ್ರೀಯರಲ್ಲಿ ಕೆಲವರು ಇದನ್ನು ಇಳಿತವೆಂದು ಬಗೆದರೂ, ಅಭಂಗದ ಒಂದೇ ಸಾಲಿನಲ್ಲಿ ಅವರು ಹೂಡುತ್ತಿದ್ದ ಉಸಿರನ್ನು ಗಮನಿಸಿದವರು ಹಾಗೆನ್ನಲಾರರು.

ಪಾಶ್ಚಾತ್ಯ ಸಂಗೀತ ಪುಣೆಗೆ ಬಂದದ್ದು ಬೇರೆ ಬಾಗಿಲಿನಿಂದ. ದಂಡುಪ್ರದೇಶದ, ಎಂದರೆ ಕ್ಯಾಂಪಿನ, ಸೈನ್ಯದ ವಾದ್ಯವೃಂದ ಮತ್ತು ಕ್ಲಬ್ಬುಗಳು ಒಂದು ದಾರಿಯಾದರೆ, 1974ರಲ್ಲಿ ಕೋರೆಗಾಂವ್ ಪಾರ್ಕಿನಲ್ಲಿ ನೆಲೆಯೂರಿದ ರಜನೀಶ್ ಆಶ್ರಮ ಇನ್ನೊಂದು. 1971ರಲ್ಲಿ ‘ಡಿ’ ಎಂಬ ಪ್ರಯೋಗಶೀಲ ರಾಕ್ ಆಲ್ಬಂ ಮಾಡಿದ್ದ ಜರ್ಮನಿಯ ಡಾಯ್ಟರ್ ಆ ಆಶ್ರಮಕ್ಕೆ ಬಂದು ಧ್ಯಾನಕ್ಕೆ ಒದಗುವ ಮೃದು ಸಂಗೀತ ಕಟ್ಟತೊಡಗಿದರು. ಅವರ ಪಾಲಿಗೆ ಅದು ಪಕ್ಕದ ಕೆಲಸವಾಗಿ ಉಳಿಯಲಿಲ್ಲ, ಬಾಳಿನ ಕೆಲಸವೇ ಆಯಿತು.

ಇದೇ ಕೋರೆಗಾಂವ್ ಪಾರ್ಕಿನಲ್ಲಿ 2010ರ ಡಿಸೆಂಬರಿನಲ್ಲಿ ಎನ್‌ಎಚ್7 ವೀಕೆಂಡರ್ ಮೊದಲ ಬಾರಿಗೆ ನಡೆಯಿತು. ಅದರ ಹೆಸರಿನಲ್ಲಿರುವ ಎನ್‌ಎಚ್7, ಎಂದರೆ ರಾಷ್ಟ್ರೀಯ ಹೆದ್ದಾರಿ 7, ಹಳೆಯ ಎಣಿಕೆಯಲ್ಲಿ ವಾರಾಣಸಿಯಿಂದ ನಾಗಪುರ, ಹೈದರಾಬಾದ್, ಬೆಂಗಳೂರುಗಳ ಮೂಲಕ ಕನ್ಯಾಕುಮಾರಿಗೆ ಹೋಗುವ ರಸ್ತೆ. ಅದು ಪುಣೆಯನ್ನು ಮುಟ್ಟುವುದೇ ಇಲ್ಲ. ಪುಣೆಯನ್ನು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಜೋಡಿಸುವುದು ಹಳೆಯ 4ನೆಯ ಹೆದ್ದಾರಿ, ಕುಂದಗೋಳ-ರೋಣಗಳ ಗಾಯಕರು ಹತ್ತಿ ಹೋದ ದಿಕ್ಕೂ ಅದೇ. ಉತ್ಸವಕ್ಕೆ ಹೆಸರಿಟ್ಟವರು ನಕ್ಷೆ ನೋಡಿದ್ದರೆ ಅಂಕಿ ಬೇರೆಯಾಗಬಹುದಿತ್ತು. ಸವಾಯಿ ಗಂಧರ್ವ ಉತ್ಸವವೂ ಡಿಸೆಂಬರಿನದೇ ಆದ್ದರಿಂದ, ಅಲ್ಲಿಂದಾಚೆಗೆ ಊರಿನ ಚಳಿಗಾಲ ಎರಡು ಬಗೆಯ ಕೇಳುಗರಿಗೆ ಹಂಚಿಹೋಯಿತು. ಧ್ವನಿವರ್ಧಕವನ್ನು ರಾತ್ರಿ 10ರ ನಂತರ ನಿಷೇಧಿಸಿ, ವರ್ಷದ ಕೆಲವೇ ದಿನ ನಡುರಾತ್ರಿಯವರೆಗೆ ಸಡಿಲಿಸುವ 2000ನೇ ಇಸವಿಯ ನಿಯಮಗಳು ಎರಡನ್ನೂ ಕಟ್ಟಿಹಾಕಿದವು. ಬೆಳಗಿನ ರಾಗಗಳವರೆಗೆ ನಡೆಯುತ್ತಿದ್ದ ಸವಾಯಿಯ ಇಡೀ ರಾತ್ರಿಗಳು ಹಾಗೆಯೇ ಮುಗಿದವು.

ವೀಕೆಂಡರ್‌ನ ಬಯಲಿನಲ್ಲಿ ಏಕಕಾಲಕ್ಕೆ ಹಲವು ವೇದಿಕೆಗಳಿರುತ್ತಿದ್ದವು, ಒಂದೊಂದಕ್ಕೆ ಒಂದೊಂದು ಬಗೆಯ ಸಂಗೀತ. ಖಯಾಲು ಕಛೇರಿಯಲ್ಲಿ ಗಂಭೀರ ಮತ್ತು ಲಘುಗಳು ಒಂದರ ಹಿಂದೊಂದು ಬಂದು ಕೇಳುಗನು ಎರಡನ್ನೂ ಕೇಳಲೇಬೇಕಾದರೆ, ಇಲ್ಲಿ ಅವು ಅಕ್ಕಪಕ್ಕದಲ್ಲಿ ಒಂದೇ ಗಳಿಗೆಯಲ್ಲಿ ನಡೆದು ಕೇಳುಗನು ಒಂದನ್ನು ಬಿಡಲೇಬೇಕು. ಪಕ್ಕತಂಡಕ್ಕೆ ಪ್ರತ್ಯೇಕ ಹೆಸರು ಏಕೆ ಬೇಕಾಗುತ್ತದೆ ಎಂಬುದಕ್ಕೆ ಈ ಬಯಲಿಗಿಂತ ಸ್ಪಷ್ಟವಾದ ವಿವರಣೆ ಬೇಡ: ರಾಕ್ ಮಾರುಕಟ್ಟೆಯಲ್ಲಿ ತಂಡದ ಹೆಸರೇ ಸರಕು, ಆ ಹೆಸರನ್ನು ನಂಬಿ ಟಿಕೆಟ್ ಕೊಂಡವನಿಗೆ ಬೇರೆ ಸಂಗೀತ ಬಡಿಸಿದರೆ ಅವನು ಮೋಸಹೋದಂತೆ ಭಾವಿಸುತ್ತಾನೆ. ಮುಂಬೈಯ ಪೆಂಟಗ್ರಾಂ ತಂಡದ ಗಿಟಾರ್ ವಾದಕ ರ್‍ಯಾಂಡಾಲ್ಫ್ ಕೊರೆಯಾ ನೃತ್ಯಕ್ಕೊಪ್ಪುವ ಎಲೆಕ್ಟ್ರಾನಿಕ್ ಪಾಪ್ ಮಾಡಬಯಸಿದಾಗ ಮೋನಿಕಾ ಡೋಗ್ರಾರೊಡನೆ ‘ಶಾಯರ್ + ಫಂಕ್’ ಎಂಬ ಬೇರೆ ಹೆಸರನ್ನೇ ಕಟ್ಟಿ 2007ರಲ್ಲಿ ಆಲ್ಬಂ ತಂದರು. ಪೆಂಟಗ್ರಾಂನ ಗಾಯಕ ವಿಶಾಲ್ ದದ್ಲಾನಿ ಸಿನಿಮಾಕ್ಕೆ ವಿಶಾಲ್-ಶೇಖರ್ ಎಂಬ ಸಂಯೋಜಕ ಜೋಡಿಯಲ್ಲಿ ಒಬ್ಬರಾದರು. ಆ ಜೋಡಿಯ ಧ್ವನಿಮುದ್ರಣ ಸಂಸ್ಥೆಯೇ 2008ರಲ್ಲಿ, ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿನೊಡನೆ ಹಾಡುವ ರಘು ದೀಕ್ಷಿತರ ಮೊದಲ ಆಲ್ಬಂ ಹೊರತಂದಿತು. ಅಂತರಾಗ್ನಿ ತಂಡದಿಂದ ಹೊರಟ ದೀಕ್ಷಿತರು ಮಾತ್ರ ತಮ್ಮ ಹೆಸರನ್ನೇ ತಂಡದ ಹೆಸರಾಗಿಸಿಕೊಂಡು, ತತ್ವಪದವನ್ನೂ ಸಿನಿಮಾ ಹಾಡನ್ನೂ ಅದರಡಿಯಲ್ಲೇ ಇಟ್ಟರು. ಇದು ಭೀಮಸೇನರ ಕ್ರಮಕ್ಕೆ ಹೆಚ್ಚು ಹತ್ತಿರ.

ಮೊದಲ ವೀಕೆಂಡರ್ ಮುಗಿದು ಎರಡು ತಿಂಗಳೂ ಆಗುವ ಮುನ್ನ, 2011ರ ಜನವರಿ 24ರಂದು, ಭೀಮಸೇನರು ಪುಣೆಯಲ್ಲಿ ತೀರಿಕೊಂಡರು. ಮುಂದೆ ಸವಾಯಿ ಗಂಧರ್ವರ ಉತ್ಸವಕ್ಕೆ ಅವರ ಹೆಸರೂ ಸೇರಿತು.

2016ರಲ್ಲಿ ಪುಣೆಗೆ ಬಂದ ವಿಲ್ಸನ್ ಪಾರ್ಕ್ಯುಪೈನ್ ಟ್ರೀಯಾಗಿಯೂ ಬರಲಿಲ್ಲ, ಬ್ಲ್ಯಾಕ್‌ಫೀಲ್ಡ್ ಆಗಿಯೂ ಬರಲಿಲ್ಲ. ಸ್ವಂತ ಹೆಸರಿನಲ್ಲಿ ಬಂದರು. ಮರುವರ್ಷ, 2017ರಲ್ಲಿ, ಬ್ಲ್ಯಾಕ್‌ಫೀಲ್ಡ್‌ನ ಐದನೆಯ ಆಲ್ಬಂ ಬಂದಿತು. ಅದೇ ವರ್ಷ ಅವರ ಸ್ವಂತ ಹೆಸರಿನ ‘ಟು ದ ಬೋನ್’ ಕೂಡ ಬಂದಿತು, ಅದರಲ್ಲಿ ದೀರ್ಘ ರಚನೆಯೊಡನೆ ಕುಣಿತಕ್ಕೊಪ್ಪುವ ಅಪ್ಪಟ ಪಾಪ್ ಹಾಡೊಂದು ಯಾವ ಮುಸುಕೂ ಇಲ್ಲದೆ ಕೂತಿತ್ತು, ಹಳೆಯ ಅಭಿಮಾನಿಗಳಲ್ಲಿ ಕೆಲವರು ಅದಕ್ಕೆ ಮುನಿಸಿಕೊಂಡರು. ಬ್ಲ್ಯಾಕ್‌ಫೀಲ್ಡ್‌ನ ಮುಂದಿನ ಆಲ್ಬಂ 2020ರದು. ಅದರ ಹೆಚ್ಚಿನ ಹೊಣೆ ಗೆಫೆನ್ನರದಾಗಿತ್ತು.