ನಮ್ಮನೆ ಫೋಟೋಗಳ ಚರಿತ್ರೆ

ಈ ಸಲ ಮಳೆಗಾಲ ಕಳೆದ ಮೇಲೆ ಅಟ್ಟದ ಟ್ರಂಕು ಇಳಿಸಿ ಅಂಗಳದ ಬಿಸಿಲಿಗೆ ಇಟ್ಟೆ. ಅತ್ತೆಯ ಹಳೇ ಸೀರೆ ಮಡಿಕೆ ಒಳಗೆ ಒಂದು ಪ್ಲಾಸ್ಟಿಕ್ ಕೊಟ್ಟೆ ಸಿಕ್ತು, ಅದರೊಳಗೆ ಫೋಟೋಗಳು. ಥಂಡಿಗೆ ಒಂದಕ್ಕೊಂದು ಅಂಟಿಕೊಂಡಿದ್ವು. ಎಣಿಸಿದ್ರೆ 23. ನಲವತ್ತು ವರ್ಷದ ಸಂಸಾರಕ್ಕೆ 23 ಫೋಟೋ! ನನ್ನ ಫೋನಲ್ಲಿ ಹೋದ ತಿಂಗಳದ್ದೇ ನಾನೂರು ಅದೆ ಮಾರಾಯ್ತಿ.

ಆ 23ರಲ್ಲಿ ಅತ್ತೆ ಇರೋದು ಮೂರರಲ್ಲಿ. ಒಂದು ಅವರ ಮದುವೆದು, ಒಂದು ನಮ್ಮ ಮದುವೆದು, ಇನ್ನೊಂದು ಹೊರನಾಡಿಗೆ ಹೋಗಿದ್ದಾಗಿಂದು. ಮೂರರಲ್ಲೂ ರೇಷ್ಮೆ ಸೀರೆ, ಮೂರರಲ್ಲೂ ಉಸಿರು ಹಿಡಿದು ನಿಂತ ಮುಖ. ದಿನಾ ಬೆಳಿಗ್ಗೆ ಒಲೆ ಮುಂದೆ ಕೂತು ಅಕ್ಕಿ ರೊಟ್ಟಿ ತಟ್ಟಿದ ಅತ್ತೆ, ಕಣದಲ್ಲಿ ಕಾಫಿ ಹರವಿದ ಅತ್ತೆ, ಕಂಬಳಿ ಕೊಪ್ಪೆ ಹಾಕಿಕೊಂಡು ಕೊಟ್ಟಿಗೆಗೆ ಓಡ್ತಿದ್ದ ಅತ್ತೆ ಒಂದರಲ್ಲೂ ಇಲ್ಲ. ಇದು ಎಂತಕ್ಕೆ ಹಿಂಗೆ ಅಂತ ಯೋಚನೆ ಮಾಡ್ತಾ ಹೋದೆ.

ಹೆಂಗಸರ ಫೋಟೋ ಯಾರು ತೆಗೀತಾರೆ ಅನ್ನೋ ಅಸಡ್ಡೆ ಒಂದು ಕಾರಣ, ಇಲ್ಲ ಅನ್ನಲ್ಲ. ಆದ್ರೆ ಇನ್ನೊಂದು ಕಾರಣ ಕ್ಯಾಮೆರಾದ ಹೊಟ್ಟೆಯೊಳಗೇ ಇತ್ತು. 1960-70ರ ದಶಕದಲ್ಲಿ ಕ್ಯಾಮೆರಾ ಇಟ್ಟುಕೊಂಡ ಮನೆಗಳಲ್ಲಿ ಹೆಚ್ಚಾಗಿ ಇರ್ತಿದ್ದಿದ್ದು ಅಗ್ಫಾ ಕ್ಲಿಕ್ 3 ಅನ್ನೋ ಕಪ್ಪು ಡಬ್ಬಿ. ನಮ್ಮ ಮಾವನ ಹತ್ರಾನೂ ಅದೇ ಇತ್ತು. ಒಂದು ರೀಲಿಗೆ ಹನ್ನೆರಡೇ ಫೋಟೋ. ಬಿಸಿಲು, ಮೋಡ ಅಂತ ಗುರುತು ಇರ್ತಿತ್ತು, ಅದಕ್ಕೆ ಸರಿಯಾಗಿ ಇಟ್ಟುಕೊಂಡು ಒತ್ತೋದು, ಅಷ್ಟೆ. ಒಲೆ ಬೆಂಕಿ ಅನ್ನೋ ಗುರುತು ಅದರಲ್ಲಿರ್ಲಿಲ್ಲ. ನಮ್ಮ ಹಳೇ ಅಡಿಗೆಮನೆಗಳು ಗೊತ್ತಲ್ಲ, ಒಂದು ಸಣ್ಣ ಕಿಟಕಿ, ಹೊಗೆ ಹಿಡಿದ ಗೋಡೆ. ಹೊರಗಿನ ಬಿಸಿಲಿಗಿಂತ ಸುಮಾರು ಸಾವಿರ ಪಟ್ಟು ಕಮ್ಮಿ ಬೆಳಕು. ಅಲ್ಲಿ ಆ ಡಬ್ಬಿ ಕುರುಡು. ಹಂಗಾಗಿ ಎಲ್ಲರನ್ನೂ ಅಂಗಳಕ್ಕೆ ಕರೆಯೋದು, ಸಾಲಾಗಿ ನಿಲ್ಲಿಸೋದು. ಅಂಗಳಕ್ಕೆ ಬರೋದು ಅಂದ್ರೆ ಕೈ ತೊಳೆದು, ಸೀರೆ ಬದಲಾಯಿಸಿ ಬರೋದು. ಕೆಲಸ ಒಳಗೇ ಉಳೀತಿತ್ತು.

ಖರ್ಚೂ ಅಷ್ಟೆ. ಊಟಿಯಲ್ಲಿ ಸರ್ಕಾರದವರು 1960ರಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಅಂತ ಕಾರ್ಖಾನೆ ಕಟ್ಟಿದ್ರು, 1967ರಿಂದ 'ಇಂದು' ಅನ್ನೋ ಹೆಸರಿನ ಫಿಲ್ಮು ಬರೋಕೆ ಶುರುವಾಯ್ತು. ನಮ್ಮ ದೇಶದ್ದೇ ಫಿಲ್ಮು ಅಂತಾದ್ರೂ ರೀಲು ಕೊಳ್ಳಬೇಕು, ಪೇಟೆಗೆ ಕಳಿಸಿ ತೊಳೆಸಬೇಕು, ಪ್ರಿಂಟು ಹಾಕಿಸಬೇಕು. ಹನ್ನೆರಡರಲ್ಲಿ ಒಂದನ್ನ ರೊಟ್ಟಿ ತಟ್ಟೋ ಕೈಗೆ ಯಾರು ಕೊಡ್ತಾರೆ?

ದಿನಾ ಕಣ್ಣಿಗೆ ಬೀಳೋದಕ್ಕೂ ಫಿಲ್ಮು ಸುಡಬಹುದು ಅಂತ ನಮ್ಮ ಸೀಮೆಗೆ ತೋರಿಸಿದೋರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938-2007). ಸಾಹಿತಿ ಅಂತ ಎಲ್ಲರಿಗೂ ಗೊತ್ತು, ಫೋಟೋ ಅವರಿಗೆ ಹೊಟ್ಟೆಪಾಡಲ್ಲ, ಹುಚ್ಚು. 'ನಿರುತ್ತರ' ಅನ್ನೋ ತಮ್ಮ ತೋಟದ ಮನೆಯಲ್ಲಿದ್ದುಕೊಂಡು ಸುತ್ತಮುತ್ತಲ ಹಕ್ಕಿ ಹುಳಗಳ ಫೋಟೋ ತೆಗೆದ್ರು. ಆಗ ಇದ್ದಿದ್ದು ರೀಲು ಕ್ಯಾಮೆರಾ, 36 ಸಲ ಒತ್ತಿದ್ರೆ ಮುಗೀತು. ಹಕ್ಕಿ ಕತ್ತು ತಿರುಗಿಸಿತೋ, ರೆಪ್ಪೆ ಮುಚ್ಚಿತೋ ಅನ್ನೋದು ತೊಳೆದ ಮೇಲೇ ಗೊತ್ತಾಗೋದು. 'ಕನ್ನಡ ನಾಡಿನ ಹಕ್ಕಿಗಳು' ಅಂತ ಹಕ್ಕಿಗಳ ಬಗ್ಗೆನೇ ಪುಸ್ತಕ ಬರೆದ್ರು, 'ಮಾಯೆಯ ಮುಖಗಳು' ಅಂತ ಚಿತ್ರಗಳ ಪುಸ್ತಕಾನೂ ತಂದ್ರು. ಅವರ ಹೆಂಡತಿ ರಾಜೇಶ್ವರಿ ಅವರು 'ನನ್ನ ತೇಜಸ್ವಿ' ಬರೆದಿದಾರೆ, ಓದದೇ ಇದ್ರೆ ಓದಿ. ಮನೆಯೊಳಗಿಂದ ಬರೆದ ಚರಿತ್ರೆ ಅದು. ನಮ್ಮ ತೋಟದಲ್ಲೇ ದಿನಾ ಕೂಗೋ ಪಿಕಳಾರನೂ ಫೋಟೋಕ್ಕೆ ಬರುತ್ತೆ ಅಂದ್ರೆ ನಮ್ಮತ್ತೆ ಎಂತಕ್ಕೆ ಬರಬಾರದು ಅನ್ನಿಸಿದ್ದು ನನಗೆ ಆ ಪುಸ್ತಕಗಳಿಂದ.

ಇನ್ನು ಡಿಜಿಟಲ್ ಕತೆ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅನ್ನೋ ಎಂಜಿನಿಯರ್ ಫಿಲ್ಮೇ ಇಲ್ಲದ ಕ್ಯಾಮೆರಾ ಮಾಡಿದ. ತೂಕ ಮೂರೂವರೆ ಕೇಜಿ ಮೇಲೆ. ಒಂದು ಕಪ್ಪುಬಿಳುಪು ಫೋಟೋವನ್ನ ಕ್ಯಾಸೆಟ್ಟಿಗೆ ಇಳಿಸೋಕೆ 23 ಸೆಕೆಂಡು. ಅದರಲ್ಲಿದ್ದಿದ್ದು ಬರೀ ಹತ್ತು ಸಾವಿರ ಚುಕ್ಕಿ. ಈಗಿನ ಸಾಧಾರಣ ಫೋನಿನ ಫೋಟೋದಲ್ಲಿ ಒಂದು ಕೋಟಿಗೂ ಮೇಲೆ ಇರ್ತದೆ. ತನ್ನ ಮನೆಯಲ್ಲೇ ಹುಟ್ಟಿದ ಈ ಕೂಸನ್ನ ಕೊಡಾಕ್ ಸರಿಯಾಗಿ ಸಾಕಲಿಲ್ಲ, ಫಿಲ್ಮನ್ನೇ ನಂಬಿಕೊಂಡಿತ್ತು. 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಊಟಿಯ ಕಾರ್ಖಾನೆಯೂ ಬಾಗಿಲು ಹಾಕಿತು.

ನಮ್ಮನೆಗೆ ಸಣ್ಣ ಡಿಜಿಟಲ್ ಕ್ಯಾಮೆರಾ ಬಂದಿದ್ದು 2008ರಲ್ಲಿ, ಅಣ್ಣ ತಂದುಕೊಟ್ಟಿದ್ದು. ರೀಲಿನ ಖರ್ಚಿಲ್ಲ ಅಂದ ಮೇಲೆ ಕೇಳಬೇಕಾ! ಮಾರ್ಚಿನಲ್ಲಿ ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ತೆಗೆದ್ರೆ ಹೂವೆಲ್ಲ ಬೂದಿ ಬಣ್ಣ. ಕ್ಯಾಮೆರಾಕ್ಕೆ ಇಷ್ಟೊಂದು ಬಿಳಿ ಕಂಡ್ರೆ ಬೆಳಕು ಜಾಸ್ತಿ ಅಂತ ತಾನೇ ಕಮ್ಮಿ ಮಾಡ್ತದೆ. ಒಂದು ಮೆಟ್ಟಿಲು ಬೆಳಕು ಹೆಚ್ಚಿಗೆ ಕೊಟ್ಟೆ, ಹೂ ಬೆಳ್ಳಗಾಯ್ತು. ಮಳೆ ತೆಗೆಯೋಕೆ ಹೋದಾಗ ಇನ್ನೊಂದು ಪಾಠ. ಐನೂರನೇ ಒಂದು ಸೆಕೆಂಡಿಗೆ ಇಟ್ರೆ ಮಳೆ ಹನಿ ಹನಿಯಾಗಿ ನಿಲ್ತದೆ, ಹದಿನೈದನೇ ಒಂದಕ್ಕೆ ಇಟ್ರೆ ದಾರ ಎಳೆದ ಹಂಗೆ ಕಾಣ್ತದೆ. ನಮ್ಮ ಆಷಾಢದ ಮಳೆಗೆ ದಾರವೇ ಸರಿ.

ಆಮೇಲೆ ಧೈರ್ಯ ಮಾಡಿ ಅಡಿಗೆಮನೆಗೆ ಹೋದೆ. ಫ್ಲ್ಯಾಷ್ ಹಾಕಿದ್ರೆ ಅತ್ತೆ ಮುಖ ಸುಣ್ಣ ಬಳಿದ ಗೋಡೆ. ಆರಿಸಿದೆ, ಐಎಸ್ಒ ಅನ್ನೋದನ್ನ 100ರಿಂದ 1600ಕ್ಕೆ ಏರಿಸಿದೆ. ಅಂದ್ರೆ ಕ್ಯಾಮೆರಾದ ಕಣ್ಣನ್ನ ಹದಿನಾರು ಪಟ್ಟು ಚುರುಕು ಮಾಡಿದ ಹಂಗೆ. ಫೋಟೋ ರವೆ ಚೆಲ್ಲಿದ ಹಂಗೆ ತರಿತರಿ ಬಂತು, ಒಲೆ ಬೆಳಕಿಗೆ ಎಲ್ಲಾ ಕೆಂಪು ಕೆಂಪು. ಆದ್ರೆ ಬಂತು! "ನನ್ನನ್ನೆಂತ ತೆಗೀತಿ, ಹೋಗಿ ಚಟ್ನಿ ರುಬ್ಬು" ಅಂತ ಅತ್ತೆ ಬೈದಿದ್ದೂ ಮುಖದಲ್ಲಿ ಕಾಣ್ತಿತ್ತು. ನಾಲ್ಕು ವರ್ಷ ತೆಗೆದೆ. ರೊಟ್ಟಿ, ಕಳಲೆ ಹೆಚ್ಚೋದು, ಕರುವಿಗೆ ಹಾಲು ಕುಡಿಸೋದು. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಟ್ಟೆ. ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡೀಬಾರದು ಅಂತ ಡಬ್ಬಿ, ಸಿಲಿಕಾ ಪೊಟ್ಟಣ ಅಂತೆಲ್ಲ ಮಾಡಿದೋಳು ಡಿಸ್ಕಿಗೆ ಮಾತ್ರ ಎರಡನೇ ಪ್ರತಿ ಇಡ್ಲಿಲ್ಲ.

2012ರ ಮಳೆಗಾಲದಲ್ಲಿ ಅದು ಒಂದಿನ ಟಿಕ್ ಟಿಕ್ ಅಂತು, ನಿಂತೇಹೋಯ್ತು. ಪೇಟೆಗೆ ಒಯ್ದು ತೋರಿಸಿದ್ರೂ ಏನೂ ಸಿಗ್ಲಿಲ್ಲ. ಅತ್ತೆ "ಹೋಗ್ಲಿ ಬಿಡು, ನಾನು ಇಲ್ಲೇ ಇದೀನಲ್ಲ" ಅಂದ್ರು. ಮುಂದಿನ ವರ್ಷ ಅವರೂ ಇಲ್ಲ. ತಿಥಿಗೆ ಇಡೋಕೆ ಒಂದು ಫೋಟೋ ಬೇಕು ಅಂದಾಗ ನಮ್ಮ ಮದುವೆ ಗುಂಪು ಫೋಟೋದಲ್ಲಿ ಅವರ ಮುಖ ಕತ್ತರಿಸಿ ದೊಡ್ಡದು ಮಾಡಿಸಿದ್ವಿ. ಸುಕ್ಕೆಲ್ಲ ಅಳಿಸಿಕೊಟ್ರು. ಮೊಮ್ಮಗಳು ನೋಡಿ "ಇದ್ಯಾರು?" ಅಂದಳು.

ಉಳಿದಿದ್ದು ಒಂದೇ ಒಂದು. ನಾದಿನಿ ಕೇಳಿದ್ಲು ಅಂತ ಯಾವತ್ತೋ ಪ್ರಿಂಟ್ ಹಾಕಿಸಿ ಕಳಿಸಿದ್ದು. ಅದರಲ್ಲಿ ಮುಖ ಅರ್ಧ, ಕೈ ಪೂರ್ತಿ, ಕೈಯಲ್ಲಿ ರೊಟ್ಟಿ. ಅವಳ ಮನೆಯಲ್ಲಿದ್ದಿದ್ದಕ್ಕೆ ಉಳೀತು.

ಇದನ್ನ ಬರೀತಿರೋದು ಅದಕ್ಕೇ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದೋರನ್ನ ನೋಡಿದೀವಿ. ಟ್ರಂಕು ಹೊತ್ತುಕೊಂಡು ಬರೋಕೆ ಆಗ್ತದಾ? ಒಂದೇ ಫೋಟೋ ಎರಡು ಊರಲ್ಲಿರಲಿ. ವರ್ಷಕ್ಕೆ ಹತ್ತಾದ್ರೂ ಪ್ರಿಂಟ್ ಹಾಕಿಸಿ, ಹಿಂದುಗಡೆ ಪೆನ್ಸಿಲ್‌ನಲ್ಲಿ ಹೆಸರು, ವರ್ಷ ಬರೀರಿ. ಪೆನ್ನಿನ ಶಾಯಿ ಥಂಡಿಗೆ ಹಬ್ಬಿಕೊಳ್ತದೆ. ಅಂಟಿಕೊಂಡ ಹಳೇ ಸ್ಟುಡಿಯೋ ಫೋಟೋನ ಎಳೀಬೇಡಿ. ಮೊದಲು ಇದ್ದ ಹಂಗೇ ಒಂದು ಫೋಟೋ ತೆಗೆದಿಟ್ಟುಕೊಂಡು, ಆಮೇಲೆ ತಣ್ಣೀರಲ್ಲಿ ನೆನೆಸಿದ್ರೆ ನಿಧಾನಕ್ಕೆ ಬಿಡ್ತದೆ. ನನ್ನ 23ರಲ್ಲಿ 19 ಹಂಗೇ ಬಿಟ್ವು. ಮನೆಯಲ್ಲೇ ಈಗಿನ ಪ್ರಿಂಟರಲ್ಲಿ ತೆಗೆದಿದ್ದನ್ನ ಮಾತ್ರ ನೀರಿಗೆ ಹಾಕಬೇಡಿ, ಬಣ್ಣ ಹೋಗ್ತದೆ.

ಇನ್ನೊಂದು ಮಾತು. ನಮ್ಮನೆ ಕುಯ್ಲಿಗೆ, ಮದುವೆಗೆ ಬಂದೋರು ನೀವೆಲ್ಲ. ನಿಮ್ಮ ಆಲ್ಬಮ್ಮಿನ ಯಾವುದಾದ್ರೂ ಫೋಟೋದ ಹಿಂದುಗಡೆ, ಒಲೆ ಹತ್ರವೋ ಕಣದಲ್ಲೋ, ನಮ್ಮತ್ತೆ ಕೆಲಸ ಮಾಡ್ತಾ ಕಂಡ್ರೆ ಒಂದು ಫೋನ್ ಮಾಡಿ. ಎಷ್ಟು ಮಸುಕಾಗಿದ್ರೂ ಪರವಾಗಿಲ್ಲ, ನಾನೇ ಬಂದು ತೆಗೆದುಕೊಂಡು ಹೋಗ್ತೀನಿ.