ಇಷ್ಟೊಂದು ಒಟಿಟಿ ಬೇಕಾ? ಕನ್ನಡದ ಮನೆಗೊಂದು ಚಂದಾ ಲೆಕ್ಕ

‘ಕಾಂತಾರ’ ಯಾವ ಆ್ಯಪ್‌ನಲ್ಲಿದೆ? ಸುಲಭದ ಪ್ರಶ್ನೆ ಅನಿಸುತ್ತದೆ. 2022ರ ನವೆಂಬರ್‌ನಲ್ಲಿ ಕನ್ನಡದ ‘ಕಾಂತಾರ’ ಬಂದದ್ದು ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ. ಅದರ ಹಿಂದಿ ಅವತರಣಿಕೆ ಮರುತಿಂಗಳು ಬಂದದ್ದು ನೆಟ್‌ಫ್ಲಿಕ್ಸ್‌ನಲ್ಲಿ. ಸಿನಿಮಾ ಒಂದೇ, ಭಾಷೆ ಎರಡು, ಚಂದಾ ಕೂಡ ಎರಡು.

ಕನ್ನಡ ನೋಡುವವರ ಒಟಿಟಿ ಗೊಂದಲ ಇರುವುದೇ ಇಲ್ಲಿ. ಇಂಗ್ಲಿಷ್ ಸರಣಿಗಳನ್ನೇ ನೋಡುವವರು ಒಂದೆರಡು ಆ್ಯಪ್‌ನಲ್ಲಿ ವರ್ಷ ಕಳೆಯಬಹುದು. ಕನ್ನಡದ್ದು ಹಾಗಲ್ಲ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹರಡಿಕೊಂಡಿದೆ. ‘ಕಾಟೇರ’, ‘ಮ್ಯಾಕ್ಸ್’ ಬಂದದ್ದು ಝೀ5ಗೆ. ‘ಸು ಫ್ರಮ್ ಸೋ’ ಜಿಯೋ ಹಾಟ್‌ಸ್ಟಾರ್‌ಗೆ. ‘ಟೋಬಿ’ ಸೋನಿ ಲಿವ್‌ಗೆ. ‘ಕಾಂತಾರ ಚಾಪ್ಟರ್ 1’ ಮತ್ತೆ ಪ್ರೈಮ್‌ಗೆ. ಧಾರಾವಾಹಿಗಳ ಕಥೆಯೂ ಅಷ್ಟೇ: ಝೀ ಕನ್ನಡದವು ಝೀ5ನಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ಜಿಯೋ ಹಾಟ್‌ಸ್ಟಾರ್‌ನಲ್ಲಿ. ಎಲ್ಲವೂ ಬೇಕು ಅಂದರೆ ಆರು ಆ್ಯಪ್‌ಗೆ ದುಡ್ಡು ಕಟ್ಟಬೇಕು. ಆದರೆ ಯಾವ ಆ್ಯಪ್‌ನಲ್ಲೂ ವರ್ಷಪೂರ್ತಿ ನೋಡುವಷ್ಟು ಹೊಸ ಕನ್ನಡ ಸರಕು ಇಲ್ಲ.

ಹಾಗಾಗಿ ‘ಯಾವ ಒಟಿಟಿ ಒಳ್ಳೆಯದು’ ಅಂತ ಕೇಳುವುದಕ್ಕಿಂತ ‘ಯಾವುದು ಎಷ್ಟು ತಿಂಗಳು ಬೇಕು’ ಅಂತ ಕೇಳುವುದು ಉಪಯೋಗಕ್ಕೆ ಬರುತ್ತದೆ.

ಒಂದು ಕಾಯಂ, ಉಳಿದವು ಸರದಿಯಲ್ಲಿ

ಲೆಕ್ಕ ಹಾಕಿಯೇ ನೋಡೋಣ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಬೆಲೆ ಇಳಿಸಿದಾಗ ಮೊಬೈಲ್ ಪ್ಲಾನ್ 149 ರೂ., ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649 ರೂ. ಎಂದು ನಿಗದಿಯಾಯಿತು. ಇವೆಲ್ಲ ತಿಂಗಳ ದರ. ಅದೇ ತಿಂಗಳು ಪ್ರೈಮ್ ತನ್ನ ವಾರ್ಷಿಕ ಚಂದಾವನ್ನು 999ರಿಂದ 1,499 ರೂಪಾಯಿಗೆ ಏರಿಸಿತು. ಜಿಯೋ ಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ 2025ರ ಫೆಬ್ರವರಿ 14ರಂದು ಜಿಯೋ ಹಾಟ್‌ಸ್ಟಾರ್ ಆದಾಗ ಅದರ ‘ಸೂಪರ್’ ಪ್ಲಾನ್ ವರ್ಷಕ್ಕೆ 899 ರೂ. ಇತ್ತು. ದರಗಳು ಆಗಾಗ ಬದಲಾಗುತ್ತವೆ, ಕಟ್ಟುವ ಮುನ್ನ ಆ್ಯಪ್‌ನಲ್ಲೇ ನೋಡಿಕೊಳ್ಳಿ. ಇಲ್ಲಿ ಮುಖ್ಯವಾದದ್ದು ಲೆಕ್ಕ ಹಾಕುವ ರೀತಿ.

ನೆಟ್‌ಫ್ಲಿಕ್ಸ್ ಸ್ಟ್ಯಾಂಡರ್ಡ್, ಪ್ರೈಮ್, ಹಾಟ್‌ಸ್ಟಾರ್ ಸೂಪರ್, ಈ ಮೂರನ್ನೂ ವರ್ಷವಿಡೀ ಇಟ್ಟುಕೊಂಡರೆ 5,988 + 1,499 + 899, ಒಟ್ಟು 8,386 ರೂ. ತಿಂಗಳಿಗೆ ಹತ್ತಿರ ಹತ್ತಿರ 700. ಅದರ ಬದಲು ಹಾಟ್‌ಸ್ಟಾರ್ ಒಂದನ್ನು ಕಾಯಂ ಇಟ್ಟುಕೊಂಡು, ನೆಟ್‌ಫ್ಲಿಕ್ಸ್ ಮೂರು ತಿಂಗಳು (1,497), ಪ್ರೈಮ್ ಮೂರು ತಿಂಗಳು (599) ತೆಗೆದುಕೊಂಡರೆ ಒಟ್ಟು 2,995 ರೂ. ತಿಂಗಳಿಗೆ 250. ಉಳಿಯುವುದು 5,391 ರೂಪಾಯಿ. ನೋಡುವುದೇನೂ ಕಡಿಮೆ ಆಗುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ನಿಮಗೆ ಬೇಕಾದ ನಾಲ್ಕು ಸರಣಿ ಇದ್ದರೆ ಅವು ಆಗಸ್ಟ್‌ನಲ್ಲೂ ಇರುತ್ತವೆ, ನವೆಂಬರ್‌ನಲ್ಲೂ ಇರುತ್ತವೆ. ನಾಲ್ಕನ್ನೂ ಒಟ್ಟಿಗೆ ಪೇರಿಸಿಟ್ಟುಕೊಂಡು ಒಂದೇ ತಿಂಗಳಲ್ಲಿ ಮುಗಿಸಿದರಾಯ್ತು.

ಕಾಯಂ ಇಟ್ಟುಕೊಳ್ಳುವುದು ಯಾವುದು ಎನ್ನುವುದು ಮನೆ ನೋಡಿ ನಿರ್ಧಾರವಾಗಬೇಕು. ಬಿಗ್‌ಬಾಸ್, ಐಪಿಎಲ್, ಸಂಜೆಯ ಧಾರಾವಾಹಿ ಮೂರೂ ಬೇಕಿದ್ದ ಮನೆಗೆ ಹಾಟ್‌ಸ್ಟಾರ್. ಅಮೆಜಾನ್‌ನಲ್ಲಿ ಪದೇಪದೇ ಸಾಮಾನು ತರಿಸುವವರಿಗೆ ಪ್ರೈಮ್‌ನ ವಾರ್ಷಿಕ ಚಂದಾವೇ ಲಾಭ, ಯಾಕೆಂದರೆ ಅದರಲ್ಲಿ ಅರ್ಧ ದುಡ್ಡು ಡೆಲಿವರಿಗೆ ಹೋಯಿತು ಅಂದುಕೊಳ್ಳಬಹುದು. ಒಬ್ಬರೇ ನೋಡುವುದಾದರೆ ನೆಟ್‌ಫ್ಲಿಕ್ಸ್‌ನ 199ರ ಬೇಸಿಕ್ ಪ್ಲಾನ್ ಟಿವಿಯಲ್ಲೂ ಓಡುತ್ತದೆ, ಚಿತ್ರದ ಗುಣಮಟ್ಟ ಸ್ವಲ್ಪ ಕಡಿಮೆ ಅಷ್ಟೆ. ಮನೆಯಲ್ಲಿ ಕೇಬಲ್ ಅಥವಾ ಡಿಶ್ ಇದ್ದರೆ ಬರೀ ಧಾರಾವಾಹಿಗೋಸ್ಕರ ಝೀ5 ಹಾಕಿಸಿಕೊಳ್ಳುವುದು ಒಂದೇ ಊಟಕ್ಕೆ ಎರಡು ಸಲ ಬಿಲ್ ಕಟ್ಟಿದ ಹಾಗೆ. ಎಂಟೂವರೆಗೆ ಟಿವಿ ಮುಂದೆ ಕೂರಲು ಆಗದವರಿಗೆ ಮಾತ್ರ ಅದರ ಅರ್ಥವಿದೆ.

ವರ್ಷದ ಪ್ಲಾನ್ ಅಗ್ಗ ಎನ್ನುವುದು ಅರ್ಧ ಸತ್ಯ. ‘ಗೇಮ್ ಆಫ್ ಥ್ರೋನ್ಸ್’ ಥರದ ಎಚ್‌ಬಿಒ ಸರಣಿಗಳಿಗೆಂದೇ ಹಾಟ್‌ಸ್ಟಾರ್‌ಗೆ ವರ್ಷದ ಹಣ ಕಟ್ಟಿದ್ದವರಿಗೆ 2023ರ ಮಾರ್ಚ್ 31ರ ನಂತರ ಅವು ಅಲ್ಲಿ ಸಿಗಲಿಲ್ಲ. ಅವು ಜಿಯೋ ಸಿನಿಮಾಕ್ಕೆ ಹೋದವು. ಆಮೇಲೆ ಎರಡೂ ಆ್ಯಪ್ ಒಂದಾದವು. ಪ್ರೈಮ್ 2025ರ ಜೂನ್ 17ರಿಂದ ವಿಡಿಯೋ ನಡುವೆ ಜಾಹೀರಾತು ತೋರಿಸಲು ಶುರುಮಾಡಿತು. ಜಾಹೀರಾತು ಬೇಡ ಅಂದರೆ ತಿಂಗಳಿಗೆ 129 ಅಥವಾ ವರ್ಷಕ್ಕೆ 699 ರೂ. ಹೆಚ್ಚುವರಿ. ವರ್ಷದ ದುಡ್ಡು ಮೊದಲೇ ಕೊಟ್ಟವರು ಮಧ್ಯದಲ್ಲಿ ನಿಯಮ ಬದಲಾದರೂ ಅಲ್ಲೇ ಇರಬೇಕು. ತಿಂಗಳ ಗಿರಾಕಿ ಎದ್ದು ಹೋಗಬಹುದು.

ರೀಚಾರ್ಜ್‌ನಲ್ಲಿ ಬಂದ ‘ಫ್ರೀ’

ಮೊಬೈಲ್ ರೀಚಾರ್ಜ್, ಫೈಬರ್ ಇಂಟರ್ನೆಟ್, ಡಿಶ್ ಕಂಪನಿಗಳ ಪ್ಯಾಕ್ ಜೊತೆ ಒಟಿಟಿ ಸೇರಿಕೊಂಡೇ ಬರುವುದು ಈಗ ಮಾಮೂಲಿ. ಫೈಬರ್ ಪ್ಯಾಕ್‌ನಲ್ಲಿ ಇರುವುದನ್ನೇ ಮಗ ಬೇರೆ ಕಟ್ಟಿರುತ್ತಾನೆ, ಸೊಸೆಯ ರೀಚಾರ್ಜ್‌ನಲ್ಲೂ ಅದೇ ಇರುತ್ತದೆ. ಮನೆಯಲ್ಲಿರುವ ಎಲ್ಲ ಫೋನ್ ಮತ್ತು ಇಂಟರ್ನೆಟ್ ಪ್ಲಾನ್‌ಗಳ ವಿವರ ಒಂದು ಸಂಜೆ ತೆಗೆದು ನೋಡಿ. ಒಂದೇ ಆ್ಯಪ್‌ಗೆ ಎರಡು ಕಡೆಯಿಂದ ಹಣ ಹೋಗುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಎರಡು ವಿಷಯ ಗಮನಿಸಿ. ರೀಚಾರ್ಜ್ ಜೊತೆ ಸಿಗುವುದು ಸಾಮಾನ್ಯವಾಗಿ ಮೊಬೈಲ್‌ಗೆ ಸೀಮಿತವಾದ ಪ್ಲಾನ್, ಟಿವಿಗೆ ಹಾಕಲು ಹೋದರೆ ‘ಅಪ್‌ಗ್ರೇಡ್ ಮಾಡಿ’ ಅನ್ನುತ್ತದೆ. ಇನ್ನು, ಪ್ಯಾಕ್‌ನಲ್ಲಿದೆ ಅಂದ ಮಾತ್ರಕ್ಕೆ ಹಳೆಯ ಚಂದಾ ತಾನಾಗಿ ನಿಲ್ಲುವುದಿಲ್ಲ. ಕಂಪನಿಯ ಆ್ಯಪ್‌ಗೆ ಹೋಗಿ ಆ್ಯಕ್ಟಿವೇಟ್ ಮಾಡಿ, ಹಳೆಯದನ್ನು ನೀವೇ ರದ್ದು ಮಾಡಬೇಕು.

ಆಟೋಪೇ ಎಂಬ ಸೋರುವ ನಲ್ಲಿ

ಸರದಿ ಹಾಕುವವರು ಎಡವುವುದು ಇಲ್ಲೇ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಂತಿತು ಅಂತ ಬಹಳ ಜನ ತಿಳಿದಿದ್ದಾರೆ. ನಿಲ್ಲುವುದಿಲ್ಲ. ಫೋನ್ ಬದಲಾಯಿಸಿದರೂ ನಿಲ್ಲುವುದಿಲ್ಲ.

ಮೊದಲ ಸಲ ಹಣ ಕಟ್ಟುವಾಗ ನೀವು ಒಟಿಪಿ ಅಥವಾ ಯುಪಿಐ ಪಿನ್ ಹಾಕಿದಾಗಲೇ ಒಂದು ‘ಮ್ಯಾಂಡೇಟ್’ ತಯಾರಾಗಿರುತ್ತದೆ. ಅಂದರೆ ಮುಂದಿನ ಸಲ ಕೇಳದೆಯೇ ಹಣ ತೆಗೆದುಕೊಳ್ಳಿ ಎಂಬ ಒಪ್ಪಿಗೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ ಹೀಗೆ ಪಿನ್, ಒಟಿಪಿ ಇಲ್ಲದೆ ಕಡಿತವಾಗುವ ಮಿತಿ 5,000 ರೂ. ಇತ್ತು. 2022ರ ಜೂನ್‌ನಲ್ಲಿ ಅದನ್ನು 15,000 ರೂಪಾಯಿಗೆ ಏರಿಸಲಾಯಿತು. ಒಟಿಟಿ ಚಂದಾಗಳೆಲ್ಲ ಈ ಮಿತಿಯ ಒಳಗೇ ಬರುತ್ತವೆ. ಹಾಗಾಗಿ ಪ್ರತಿ ಸಲ ಯಾರೂ ನಿಮ್ಮನ್ನು ಕೇಳುವುದಿಲ್ಲ, ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಒಂದು ಸಂದೇಶ ಬರುತ್ತದೆ ಅಷ್ಟೆ. ದಿನಕ್ಕೆ ಇಪ್ಪತ್ತು ಎಸ್‌ಎಂಎಸ್ ಬರುವ ಫೋನ್‌ನಲ್ಲಿ ಅದನ್ನು ಓದುವವರು ಯಾರು? ಅದರಲ್ಲೂ ಅಪ್ಪನ ಖಾತೆಯಿಂದ ಮಗಳು ಕಟ್ಟಿದ್ದರೆ ಸಂದೇಶ ಹೋಗುವುದು ಅಪ್ಪನ ಫೋನ್‌ಗೆ.

‘ಒಂದು ರೂಪಾಯಿಗೆ ಟ್ರಯಲ್’ ಅಂದಾಗ ಇನ್ನೂ ಹುಷಾರಾಗಿರಿ. ಕಡಿತವಾಗುವುದು ಒಂದು ರೂಪಾಯಿಯೇ ಇರಬಹುದು, ಆದರೆ ಮ್ಯಾಂಡೇಟ್‌ನಲ್ಲಿ ಗರಿಷ್ಠ ಮೊತ್ತ ಅದಕ್ಕಿಂತ ಬಹಳ ಹೆಚ್ಚು ನಮೂದಾಗಿರಬಹುದು. ಪಿನ್ ಒತ್ತುವ ಮೊದಲು ಪರದೆಯ ಮೇಲೆ ‘ಇಷ್ಟರವರೆಗೆ’ ಎಂದು ಕಾಣುವ ಆ ಅಂಕಿಯನ್ನು ಓದಿ.

ಎಲ್ಲಿ ಹುಡುಕಬೇಕು? ಫೋನ್‌ಪೇ, ಗೂಗಲ್ ಪೇ ಎರಡರಲ್ಲೂ ಪ್ರೊಫೈಲ್ ಒಳಗೆ ‘ಆಟೋಪೇ’ ಎಂಬ ವಿಭಾಗ ಇದೆ. ಚಾಲ್ತಿಯಲ್ಲಿರುವ ಮ್ಯಾಂಡೇಟ್‌ಗಳೆಲ್ಲ ಅಲ್ಲಿ ಕಾಣುತ್ತವೆ, ಅಲ್ಲಿಂದಲೇ ರದ್ದು ಮಾಡಬಹುದು. ಗೂಗಲ್ ಪ್ಲೇ ಮೂಲಕ ಕಟ್ಟಿದ್ದರೆ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ವಿಭಾಗದಲ್ಲಿ, ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ಸಿಗುತ್ತದೆ. ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಸೈಟ್ ನೋಡಬೇಕು. ಎಲ್ಲಿ ಕಟ್ಟಿದಿರೋ ಅಲ್ಲೇ ಬಿಡಿಸಿಕೊಳ್ಳಬೇಕು ಎಂಬುದೇ ಸೂತ್ರ.

ಇನ್ನೂ ಸಲೀಸಾದ ದಾರಿ ಎಂದರೆ ತಿಂಗಳ ಚಂದಾ ಕಟ್ಟಿದ ದಿನವೇ ಕ್ಯಾನ್ಸಲ್ ಒತ್ತಿಬಿಡುವುದು. ನೆಟ್‌ಫ್ಲಿಕ್ಸ್‌ನಲ್ಲಿ ಹೀಗೆ ಮಾಡಿದರೂ ಕೊಟ್ಟ ಹಣದ ಅವಧಿ ಮುಗಿಯುವವರೆಗೆ ನೋಡಬಹುದು. ಬೇರೆ ಆ್ಯಪ್‌ಗಳಲ್ಲಿ ಕ್ಯಾನ್ಸಲ್ ಒತ್ತುವಾಗ ಯಾವ ದಿನಾಂಕದವರೆಗೆ ಅಂತ ತೋರಿಸುತ್ತದೆಯೋ ನೋಡಿಕೊಳ್ಳಿ.

ಕ್ಯಾನ್ಸಲ್ ಬಟನ್ನನ್ನೇ ಬಚ್ಚಿಡುವ ಆ್ಯಪ್‌ಗಳೂ ಇವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಷ್ಟ ಮಾಡುವುದು ಅದರಲ್ಲಿ ಒಂದು, ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಎಂಬುದೇ ಅದರ ಹೆಸರು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಮಾಡುವಾಗ ಕಡಿತದ ಸಂದೇಶ ಮತ್ತು ರದ್ದು ಮಾಡಲು ಯತ್ನಿಸಿದ ಪರದೆಯ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.

ಒಂದೇ ಸಿನಿಮಾ ಬೇಕಿದ್ದರೆ

ಒಂದು ಸಿನಿಮಾಕ್ಕಾಗಿ ಚಂದಾ ಕಟ್ಟಬೇಕಿಲ್ಲ. ಪ್ರೈಮ್ ವಿಡಿಯೋ, ಯೂಟ್ಯೂಬ್, ಬುಕ್‌ಮೈಶೋ ಸ್ಟ್ರೀಮ್‌ನಲ್ಲಿ ಕೆಲವು ಚಿತ್ರಗಳು ಬಾಡಿಗೆಗೆ ಸಿಗುತ್ತವೆ. ಯಾವುದು ಎಲ್ಲಿದೆ ಅಂತ ಜಸ್ಟ್‌ವಾಚ್ ಎಂಬ ಜಾಲತಾಣದಲ್ಲಿ ಹುಡುಕಬಹುದು. ದೂರದರ್ಶನದ್ದಾದರೆ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಶುರುಮಾಡಿದ ‘ವೇವ್ಸ್’ ಆ್ಯಪ್ ಇದೆ.

ಕನ್ನಡಕ್ಕೆ ಬಿಡಿ ಮಾರಾಟವೇ ಹೊಂದುತ್ತದೆ ಅನ್ನುವುದಕ್ಕೆ ಬೇರೆ ಕಾರಣವೂ ಇದೆ. ದೊಡ್ಡ ಒಟಿಟಿಗಳಲ್ಲಿ ಜಾಗ ಸಿಗದೆ ರಕ್ಷಿತ್ ಶೆಟ್ಟಿ ಅವರ ತಂಡ ‘ಏಕಂ’ ಸರಣಿಯನ್ನು 2024ರ ಜುಲೈಯಲ್ಲಿ ತನ್ನದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯಿತು. ಅಲ್ಲಿ ಪ್ರೇಕ್ಷಕ ಕೊಟ್ಟ ದುಡ್ಡು ಆ ಸರಣಿಗೇ ಹೋಗುತ್ತದೆ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಶುರುಮಾಡಿದ್ದು ಇದೇ ಲೆಕ್ಕದಲ್ಲಿ: ಚಂದಾ ಇಲ್ಲ, ಒಂದು ಚಿತ್ರಕ್ಕೆ 75 ರೂ. ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒಟಿಟಿ ತರುವುದಾಗಿ ಕರ್ನಾಟಕವೂ 2025-26ರ ಬಜೆಟ್‌ನಲ್ಲಿ ಹೇಳಿದೆ. ಅದು ಬಂದಾಗ ಇನ್ನೊಂದು ತಿಂಗಳ ಚಂದಾ ಆಗಿ ಬರದೆ, ನೋಡಿದ ಸಿನಿಮಾಕ್ಕೆ ಮಾತ್ರ ಕಾಸು ಎಂಬ ಕೇರಳದ ದಾರಿಯಲ್ಲೇ ಬರಬೇಕು.